ಗಡಿಯಾರ ಸರಿಯಿತ್ತು, ಪಂದ್ಯ ಮುಗಿದಿತ್ತು

ಕಳೆದ ಸಂಚಿಕೆಯಲ್ಲಿ ಆನ್‌ಲೈನ್ ಚದುರಂಗದ ಬಗ್ಗೆ ಬರೆದದ್ದೇ ನೆಪವಾಗಿ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಸಾಕಷ್ಟು ಪತ್ರಗಳು ಬಂದಿವೆ. ಸೋಜಿಗವೆಂದರೆ, ಅವುಗಳಲ್ಲಿ ಹೆಚ್ಚಿನವು ಆಟವನ್ನು ಬಿಟ್ಟು ಆಟದ ಹೊತ್ತನ್ನೇ ಕುರಿತಿವೆ. ಬೇರೆ ಬೇರೆ ದೇಶಗಳ ಆಟಗಾರರು ಒಂದೇ ಗಳಿಗೆಗೆ ಕೂಡಬೇಕಾದಾಗ ಆಗುವ ಗೊಂದಲದ ಬಗೆಗಿನ ಆರು ಪ್ರಶ್ನೆಗಳನ್ನು ಈ ಸಲ ಆರಿಸಿಕೊಂಡಿದ್ದೇನೆ. ಪತ್ರಗಳನ್ನು ಸ್ವಲ್ಪ ಮೊಟಕುಗೊಳಿಸಿದ್ದು, ಕೇಳಿದವರ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ಮಾನ್ಯರೇ, ನಮ್ಮ ಕಾಲೇಜಿನ ಗೆಳೆಯರು ಸೇರಿ ಪ್ರತಿ ಭಾನುವಾರ ಆನ್‌ಲೈನ್ ಚೆಸ್ ಲೀಗ್ ನಡೆಸುತ್ತೇವೆ. ಇಲ್ಲಿಯೇ ಓದಿ ಈಗ ನ್ಯೂಜೆರ್ಸಿ ಮತ್ತು ಲಂಡನ್ನಿನಲ್ಲಿ ಕೆಲಸದಲ್ಲಿರುವ ಹಿರಿಯ ವಿದ್ಯಾರ್ಥಿಗಳೂ ಆಡುತ್ತಾರೆ. 2026ರ ಜನವರಿಯಲ್ಲಿ ಹೊರಡಿಸಿದ ಪ್ರಕಟಣೆಯಲ್ಲಿ ‘ಪ್ರತಿ ಭಾನುವಾರ ನಮಗೆ ಸಂಜೆ 7:30, ನ್ಯೂಜೆರ್ಸಿಗೆ ಬೆಳಿಗ್ಗೆ 9, ಲಂಡನ್ನಿಗೆ ಮಧ್ಯಾಹ್ನ 2’ ಎಂದು ಸ್ಪಷ್ಟವಾಗಿ ಬರೆದಿದ್ದೆವು. ಮಾರ್ಚ್ 8ರಂದು ನ್ಯೂಜೆರ್ಸಿಯವರು ಒಂದು ಗಂಟೆ ಮೊದಲೇ ಬಂದು, ನಾವು ಇಲ್ಲದ್ದನ್ನು ಕಂಡು, ವಾಕ್‌ಓವರ್ ಕೇಳಿ ಹೊರಟುಹೋದರು. ಲಂಡನ್ನಿನವರು ಆ ದಿನ ಸರಿಯಾಗಿಯೇ ಬಂದರು, ಆದರೆ 29ರಂದು ಅವರೂ ಹಾಗೆಯೇ ಮಾಡಿದರು. ತಪ್ಪು ಯಾರದು? ವಾಕ್‌ಓವರ್ ಕೊಡಬೇಕೇ?
– ಎಂಜಿನಿಯರಿಂಗ್ ವಿದ್ಯಾರ್ಥಿ, ವಿದ್ಯಾನಗರ, ದಾವಣಗೆರೆ

ಉತ್ತರ: ಬಂದವರದೂ ತಪ್ಪಲ್ಲ, ಬಾರದವರದೂ ತಪ್ಪಲ್ಲ, ತಪ್ಪಿರುವುದು ನೀವು ‘ಸ್ಪಷ್ಟವಾಗಿ’ ಬರೆದ ಆ ಪ್ರಕಟಣೆಯಲ್ಲಿ. ಮೂರು ಊರುಗಳ ಮೂರು ಸಮಯಗಳನ್ನು ಒಟ್ಟಿಗೆ ಕೊಟ್ಟು, ಅವು ಬೇರೆಯಾದರೆ ಯಾವುದು ನಡೆಯುತ್ತದೆ ಎಂಬುದನ್ನು ನೀವು ಹೇಳಲಿಲ್ಲ. ಜನವರಿಯಲ್ಲಿ ಮೂರೂ ಒಂದೇ ಗಳಿಗೆಯನ್ನು ತೋರಿಸುತ್ತಿದ್ದವು, ಮಾರ್ಚ್ 8ರಿಂದ ತೋರಿಸಲಿಲ್ಲ.

ಅಮೆರಿಕದ ಬಹುಭಾಗದಲ್ಲಿ, ಬೇಸಿಗೆಯ ಹಗಲ ಬೆಳಕನ್ನು ಬಳಸಿಕೊಳ್ಳಲೆಂದು, ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು, ನವೆಂಬರ್ ತಿಂಗಳ ಮೊದಲ ಭಾನುವಾರ ಮತ್ತೆ ಹಿಂದಿಡುತ್ತಾರೆ. 2007ರಿಂದ ಅಲ್ಲಿ ಇದೇ ಕ್ರಮವಿದೆ. ಬ್ರಿಟನ್ ಮತ್ತು ಐರೋಪ್ಯ ಒಕ್ಕೂಟದ ದೇಶಗಳು ಮುಂದಿಡುವುದು ಮಾರ್ಚ್ ತಿಂಗಳ ಕೊನೆಯ ಭಾನುವಾರ, ಹಿಂದಿಡುವುದು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ. 2026ರ ಮಟ್ಟಿಗೆ ಹೇಳುವುದಾದರೆ ಅಮೆರಿಕಕ್ಕೆ ಮಾರ್ಚ್ 8 ಮತ್ತು ನವೆಂಬರ್ 1, ಯೂರೋಪಿಗೆ ಮಾರ್ಚ್ 29 ಮತ್ತು ಅಕ್ಟೋಬರ್ 25. ಹೀಗಾಗಿ ವಸಂತದಲ್ಲಿ ಮೂರು ವಾರ ಮತ್ತು ಶರತ್ಕಾಲದಲ್ಲಿ ಒಂದು ವಾರ, ನ್ಯೂಯಾರ್ಕಿಗೂ ಲಂಡನ್ನಿಗೂ ನಡುವಿನ ಐದು ಗಂಟೆಯ ಅಂತರ ನಾಲ್ಕಾಗುತ್ತದೆ. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಆಟಗಾರರು ಕೈತಪ್ಪಿ ಹೋಗುವುದು ಬಹುತೇಕ ಈ ನಾಲ್ಕು ವಾರಗಳಲ್ಲಿಯೇ ಎಂಬುದು ಹಲವು ವರ್ಷ ಟೂರ್ನಿಗಳ ವೇಳಾಪಟ್ಟಿ ಬರೆದ ನನ್ನ ಅನುಭವ.

ನಿಮ್ಮ ಪಂದ್ಯವನ್ನೇ ತೆಗೆದುಕೊಳ್ಳಿ. ನಮ್ಮ ಸಂಜೆ 7:30 ಎಂಬುದು ವರ್ಷವಿಡೀ, ಎಲ್ಲ ದೇಶಗಳ ಗಡಿಯಾರಗಳಿಗೂ ಅಳತೆಗೋಲಾದ ವಿಶ್ವ ಪ್ರಮಾಣ ಸಮಯದ, ಎಂದರೆ ಯುಟಿಸಿಯ, ಮಧ್ಯಾಹ್ನ 2 ಗಂಟೆ. ಭಾರತೀಯ ಸಮಯವನ್ನೇ ಹಿಡಿದರೆ ನ್ಯೂಜೆರ್ಸಿಯವರಿಗೆ ಮಾರ್ಚ್ 8ರಿಂದ ಪಂದ್ಯ ಬೆಳಿಗ್ಗೆ 10ಕ್ಕೆ, ಲಂಡನ್ನಿನವರಿಗೆ 29ರಿಂದ ಮಧ್ಯಾಹ್ನ 3ಕ್ಕೆ ಬೀಳುತ್ತದೆ. ಅದರ ಬದಲು ನ್ಯೂಜೆರ್ಸಿಯ ಬೆಳಿಗ್ಗೆ 9ನ್ನು ಹಿಡಿದಿದ್ದರೆ ನಮಗೆ ಪಂದ್ಯ ಸಂಜೆ 6:30ಕ್ಕೆ ಬರುತ್ತಿತ್ತು. ಆಗ ಲಂಡನ್ನಿನವರ ಪಾಡು ಇನ್ನೂ ವಿಚಿತ್ರ: ಮಾರ್ಚ್ ಮೊದಲ ವಾರದವರೆಗೆ ಮಧ್ಯಾಹ್ನ 2, ನಂತರ ಮೂರು ವಾರ ಮಧ್ಯಾಹ್ನ 1, ಆಮೇಲೆ ಮತ್ತೆ 2. ಹೀಗೆ ಯಾರಾದರೊಬ್ಬರ ಗಡಿಯಾರವನ್ನು ಪಂದ್ಯದ ಯಜಮಾನನನ್ನಾಗಿ ಮಾಡದೆ ವೇಳಾಪಟ್ಟಿ ನಿಲ್ಲುವುದಿಲ್ಲ.

ಆ ಯಜಮಾನಿಕೆ ನಮ್ಮ ಗಡಿಯಾರಕ್ಕೇ ಇರಲಿ ಎನ್ನುತ್ತೇನೆ. ಇದು ಊರಿನ ಅಭಿಮಾನದ ಮಾತಲ್ಲ. ಭಾರತದಲ್ಲಿ ಗಡಿಯಾರವನ್ನು ಮುಂದಿಡುವ ಪದ್ಧತಿ ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಇದ್ದದ್ದು ಬಿಟ್ಟರೆ ಈಗಿಲ್ಲ. ಅಲುಗಾಡದ ಗೂಟಕ್ಕೆ ಹಗ್ಗ ಕಟ್ಟುವುದು ಮೇಲು. ಯುಟಿಸಿಯೂ ಅಲುಗಾಡುವುದಿಲ್ಲ; ಈವ್ ಆನ್‌ಲೈನ್ ಎಂಬ ಹಳೆಯ ಬಾಹ್ಯಾಕಾಶ ಆಟದಲ್ಲಿ ಇಡೀ ಲೋಕಕ್ಕೆ ಅದೊಂದೇ ಗಡಿಯಾರ, ಆಟಗಾರರು ಅದರಲ್ಲಿಯೇ ಮಾತನಾಡುತ್ತಾರೆ. ಆದರೆ ನಿಮ್ಮ ಲೀಗಿನ ಹಿರಿಯರಿಗೆ ದಾವಣಗೆರೆಯ ಸಂಜೆ ಎಂದರೆ ಏನೆಂದು ಗೊತ್ತು, ಯುಟಿಸಿ ಎಂದರೆ ಮೊಬೈಲು ತೆಗೆಯಬೇಕು. ಯುಟಿಸಿಯನ್ನು ಥಟ್ಟನೆ ತಿಳಿಯಲು ನಮಗೊಂದು ಸುಲಭ ಉಪಾಯವೂ ಇದೆ: ಮುಳ್ಳಿನ ಕೈಗಡಿಯಾರವನ್ನು ತಲೆಕೆಳಗಾಗಿ ಹಿಡಿದು ನೋಡಿ. ನಮಗೆ ಮಧ್ಯಾಹ್ನ 12 ಆದಾಗ ತಲೆಕೆಳಗಾದ ಗಡಿಯಾರ ಆರೂವರೆ ತೋರಿಸುತ್ತದೆ, ಅದೇ ಯುಟಿಸಿ. ಐದೂವರೆ ಗಂಟೆಯ ಅಂತರವಿರುವುದರಿಂದ ಮಾತ್ರ ನಡೆಯುವ ಚಮತ್ಕಾರವಿದು. ಅಂತರ ಐದೇ ಗಂಟೆಯಿರುವ ಪಾಕಿಸ್ತಾನದಲ್ಲಾಗಲಿ ಐದೂ ಮುಕ್ಕಾಲು ಗಂಟೆಯಿರುವ ನೇಪಾಳದಲ್ಲಾಗಲಿ ಇದು ಕೈಕೊಡುತ್ತದೆ.

ನಿಮ್ಮಂಥವರು ಸಾಮಾನ್ಯವಾಗಿ ಗಮನಿಸದ ಇನ್ನೊಂದು ಸಂಗತಿ ಫೋನಿನ ಕ್ಯಾಲೆಂಡರಿನದು. ವಾರವಾರ ಮರಳುವ ಕಾರ್ಯಕ್ರಮವನ್ನು ಯಾವ ಊರಿನ ಸಮಯಕ್ಕೆ ಕಟ್ಟಿ ನಮೂದಿಸುತ್ತೀರೋ ಆ ಊರಿನ ಗಡಿಯಾರವನ್ನೇ ಅದು ಹಿಂಬಾಲಿಸುತ್ತದೆ. ನ್ಯೂಜೆರ್ಸಿಯ ಗೆಳೆಯ ತನ್ನ ಫೋನಿನಲ್ಲಿ ಬೆಳಿಗ್ಗೆ 9ಕ್ಕೆ ಮಾಡಿ ಎಲ್ಲರಿಗೂ ಕಳುಹಿಸಿದ ಆಹ್ವಾನವು ಮಾರ್ಚ್ 8ರಂದು ನಿಮ್ಮ ಫೋನಿನಲ್ಲಿ ಸದ್ದಿಲ್ಲದೆ 6:30ಕ್ಕೆ ಜಾರುತ್ತದೆ. ಆದ್ದರಿಂದ ಆಹ್ವಾನವನ್ನು ದಾವಣಗೆರೆಯಲ್ಲಿರುವವರೇ ಮಾಡಬೇಕು, ಉಳಿದವರು ಅದನ್ನು ಒಪ್ಪಿಕೊಂಡರೆ ಸಾಕು; ಆಯಾ ಊರಿನ ಸಮಯವನ್ನು ಫೋನೇ ತೋರಿಸುತ್ತದೆ. ನಿಮ್ಮ ಗುಂಪು ಆಟಗಾರರು ಹರಟುವ ಡಿಸ್ಕಾರ್ಡ್ ಎಂಬ ಆ್ಯಪಿನಲ್ಲಿದ್ದರೆ ಅಲ್ಲಿಯ ಸಮಯಮುದ್ರೆಯನ್ನು ಬಳಸಬಹುದು. 1970ರ ಜನವರಿ 1ರ ಯುಟಿಸಿ ಮಧ್ಯರಾತ್ರಿಯಿಂದ ಎಣಿಸಿದ ಸೆಕೆಂಡುಗಳ ಸಂಖ್ಯೆಯನ್ನು ಸಂದೇಶದಲ್ಲಿ ಇಟ್ಟರೆ, ಓದುವ ಪ್ರತಿಯೊಬ್ಬರಿಗೂ ಅದು ಅವರವರ ಊರಿನ ಗಂಟೆಯಾಗಿ ಕಾಣುತ್ತದೆ. ಸೆಕೆಂಡುಗಳನ್ನು ನೀವು ಎಣಿಸಬೇಕಾಗಿಲ್ಲ, ಅದನ್ನು ಮಾಡಿಕೊಡುವ ಸಾಧನಗಳು ಬೇಕಾದಷ್ಟಿವೆ.

ಇನ್ನು ವಾಕ್‌ಓವರ್. ಪ್ರಕಟಣೆಯೇ ಎರಡು ಅರ್ಥ ಕೊಡುವಾಗ ಅದರ ಒಂದು ಅರ್ಥವನ್ನು ನಂಬಿದವರನ್ನು ದಂಡಿಸುವುದು ನ್ಯಾಯವಲ್ಲ, ಇನ್ನೊಂದನ್ನು ನಂಬಿದವರನ್ನು ದಂಡಿಸುವುದೂ ನ್ಯಾಯವಲ್ಲ. ಎರಡೂ ದಿನದ ಪಂದ್ಯಗಳನ್ನು ಮತ್ತೆ ಆಡಿಸಿ.

ಪ್ರಶ್ನೆ: ಒಂದು ಮೊಬೈಲ್ ಆಟದ ಏಷ್ಯಾ ಮಟ್ಟದ ಸ್ಪರ್ಧೆಗೆ ಹೆಸರು ಕೊಟ್ಟಿದ್ದೆ. ಸೂಚನೆಯಲ್ಲಿ ‘ಶನಿವಾರ ರಾತ್ರಿ 8, ಸಿಎಸ್‌ಟಿ’ ಎಂದಿತ್ತು. ಹುಡುಕಿ ನೋಡಿದಾಗ ಅದು ಅಮೆರಿಕದ ಮಧ್ಯಭಾಗದ ಸಮಯವೆಂದು ತಿಳಿದು, ಲೆಕ್ಕ ಹಾಕಿ ಭಾನುವಾರ ಬೆಳಿಗ್ಗೆ 7:30ಕ್ಕೆ ಕುಳಿತೆ. ಸ್ಪರ್ಧೆ ಹಿಂದಿನ ದಿನವೇ ಮುಗಿದಿತ್ತು. ನನ್ನ ಲೆಕ್ಕ ಎಲ್ಲಿ ತಪ್ಪಿತು?
– ಓದುಗರು, ಹರಿಹರ

ಉತ್ತರ: ಲೆಕ್ಕ ತಪ್ಪಿಲ್ಲ, ದೇಶ ತಪ್ಪಿದೆ. ಚೀನಾದ ಪ್ರಮಾಣ ಸಮಯವನ್ನೂ ಸಿಎಸ್‌ಟಿ ಎಂದೇ ಬರೆಯುತ್ತಾರೆ. ಅಷ್ಟು ಅಗಲದ ಆ ದೇಶಕ್ಕೆಲ್ಲ ಒಂದೇ ಸಮಯ, ಯುಟಿಸಿಗಿಂತ ಎಂಟು ಗಂಟೆ ಮುಂದೆ. ಅಲ್ಲಿಯ ಶನಿವಾರ ರಾತ್ರಿ 8 ನಮಗೆ ಅದೇ ದಿನ ಸಂಜೆ 5:30. ನೀವು ಕುಳಿತದ್ದು ಹದಿನಾಲ್ಕು ಗಂಟೆ ತಡವಾಗಿ. ಕ್ಯೂಬಾದವರೂ ತಮ್ಮ ಸಮಯಕ್ಕೆ ಇದೇ ಮೂರಕ್ಷರ ಬಳಸುತ್ತಾರೆ. ಪುಣ್ಯಕ್ಕೆ ಅವರು ನಿಮ್ಮನ್ನು ಆಟಕ್ಕೆ ಕರೆದಿರಲಿಲ್ಲ.

ನಮ್ಮ ಐಎಸ್‌ಟಿಯೂ ನಮ್ಮೊಬ್ಬರದೇ ಅಲ್ಲ. ಇಸ್ರೇಲಿನವರಿಗೂ ಅದು ಅವರ ಸಮಯ, ಐರ್ಲೆಂಡಿನವರಿಗೆ ಅದು ಅವರ ಬೇಸಿಗೆಯ ಸಮಯ. ಬಿಎಸ್‌ಟಿ ಎಂದರೆ ಬ್ರಿಟನ್ನಿನ ಬೇಸಿಗೆಯೂ ಹೌದು, ಬಾಂಗ್ಲಾದೇಶವೂ ಹೌದು. ಇದಕ್ಕಿಂತ ಕೆಟ್ಟದ್ದು, ಅಮೆರಿಕದ ಆಯೋಜಕರು ಜುಲೈ ತಿಂಗಳಲ್ಲಿಯೂ ಅಭ್ಯಾಸಬಲದಿಂದ ತಮ್ಮ ಪೂರ್ವಭಾಗದ ಚಳಿಗಾಲದ ಸಮಯದ ಹೆಸರಾದ ಇಎಸ್‌ಟಿಯನ್ನೇ ಬರೆದುಬಿಡುವುದು. ಅದನ್ನು ಅಕ್ಷರಶಃ ನಂಬಿ ಲೆಕ್ಕ ಹಾಕಿದವರು ಒಂದು ಗಂಟೆ ತಡವಾಗಿ ತಲುಪುತ್ತಾರೆ. ಆದುದರಿಂದ ಮೂರಕ್ಷರಗಳನ್ನು ಕಂಡ ಕೂಡಲೇ ಆಯೋಜಕರಿಗೆ ‘ಯಾವ ಊರಿನ ಗಡಿಯಾರದಲ್ಲಿ?’ ಎಂದು ಒಂದು ಸಾಲು ಬರೆದು ಕೇಳಿ. ಶಾಂಘೈ, ಷಿಕಾಗೋ ಎಂಬ ಹೆಸರುಗಳಲ್ಲಿ ಯಾರಿಗೂ ಸಂದೇಹ ಬರುವುದಿಲ್ಲ, ಬೇಸಿಗೆ ಚಳಿಗಾಲಗಳ ತಾಪತ್ರಯವೂ ಊರಿನ ಹೆಸರಿನೊಳಗೇ ಅಡಗಿ ಹೋಗುತ್ತದೆ.

ಪ್ರಶ್ನೆ: ಡಿಸೆಂಬರ್ ತಿಂಗಳ ಒಂದು ಆಟದ ಸೂಚನೆಯಲ್ಲಿ ಭಾರತದವರಿಗೆ ‘ಭಾನುವಾರ 12:30 ಎಎಂ’ ಎಂದು ಕೊಟ್ಟಿದ್ದರು. ನಮ್ಮ ತಂಡದ ನಾಲ್ವರೂ ಭಾನುವಾರ ರಾತ್ರಿ ಊಟ ಮುಗಿಸಿ, ನಿದ್ದೆಗೆಟ್ಟು, ಹನ್ನೆರಡೂವರೆಗೆ ಸರಿಯಾಗಿ ಲಾಗಿನ್ ಆದೆವು. ಆಟ ಶನಿವಾರ ರಾತ್ರಿಯೇ ಆಗಿಹೋಗಿತ್ತು ಎಂದರು. ಶನಿವಾರವಾದರೆ ಶನಿವಾರ ಎಂದೇ ಬರೆಯಬಾರದಿತ್ತೇ?
– ಓದುಗರು, ಚಿತ್ರದುರ್ಗ

ಉತ್ತರ: ನಿಮ್ಮ ಸಿಟ್ಟಿಗೆ ಅರ್ಥವಿದೆ, ಏಕೆಂದರೆ ನಮ್ಮ ಮಾತಿನಲ್ಲಿ ದಿನ ಬದಲಾಗುವುದು ಬೆಳಗಾದ ಮೇಲೆ. ಪಂಚಾಂಗದಲ್ಲಿ ವಾರವೆಂಬುದು ಸೂರ್ಯೋದಯದಿಂದ ಮರುದಿನದ ಸೂರ್ಯೋದಯದವರೆಗೆ. ಮನೆಯ ಹಿರಿಯರು ‘ಶನಿವಾರ ರಾತ್ರಿ ಒಂದು ಗಂಟೆಗೆ ಮಳೆ ಬಂತು’ ಎಂದರೆ ಅದು ಕ್ಯಾಲೆಂಡರಿನ ಭಾನುವಾರ ಎಂದು ತಿದ್ದುವವರು ಯಾರೂ ಇಲ್ಲ. ಸೂಚನೆ ಬರೆದವರಿಗಾದರೋ ನಡುರಾತ್ರಿ ದಾಟಿದೊಡನೆ ಭಾನುವಾರ. ಅವರು ಲಂಡನ್ನಿನವರಾಗಿದ್ದರೆ ಅದು ಅವರಿಗೆ ಶನಿವಾರ ಸಂಜೆಯ 7 ಗಂಟೆ. ಆರಾಮದ ಹೊತ್ತಾದ್ದರಿಂದ, ನಮ್ಮ ಕಡೆ ಅದು ಯಾವ ದಿನದೊಳಗೆ ಬೀಳುತ್ತದೆಂದು ಅವರು ಎರಡು ಸಲ ಯೋಚಿಸಿರಲಿಕ್ಕಿಲ್ಲ.

ಈ ತಪ್ಪನ್ನು ನಾನೂ ಮಾಡಿದ್ದೇನೆ, ಆದರೆ ಆಟದಲ್ಲಲ್ಲ, ರೈಲಿನಲ್ಲಿ. 00:15ರ ರೈಲಿಗೆ ಟಿಕೆಟ್ಟಿನಲ್ಲಿದ್ದ ದಿನಾಂಕದ ರಾತ್ರಿ ಹೋಗಿ ನಿಂತಾಗ, ನನ್ನ ರೈಲು ಹೆಚ್ಚುಕಡಿಮೆ ಇಪ್ಪತ್ತನಾಲ್ಕು ಗಂಟೆಗಳ ಹಿಂದೆಯೇ ಹೊರಟುಹೋಗಿತ್ತು. ಅಂದಿನಿಂದ ನಾನು ಬರೆಯುವ ಸೂಚನೆಗಳಲ್ಲಿ ನಡುರಾತ್ರಿಯ ಆಚೀಚೆಯ ಹೊತ್ತು ಬಂದರೆ ಎರಡೂ ದಿನಗಳ ಹೆಸರು ಹಾಕುತ್ತೇನೆ: ‘ಶನಿವಾರ ರಾತ್ರಿ ಕಳೆದು ಭಾನುವಾರ 00:30’. ಬರಹ ಉದ್ದವಾಯಿತೆಂದು ಈವರೆಗೆ ಯಾರೂ ದೂರಿಲ್ಲ. ಸರಿಯಾಗಿ 12 ಗಂಟೆಗೆ ಮಾತ್ರ ಯಾವ ಪಂದ್ಯವನ್ನೂ ಇಡಬೇಡಿ. 12 ಎಎಂ ಹಗಲೋ ರಾತ್ರಿಯೋ ಎಂದು ಇಂಗ್ಲಿಷಿನವರಿಗೇ ಗೊಂದಲವಿದೆ. ಐದು ನಿಮಿಷ ಆಚೆಗೋ ಈಚೆಗೋ ಸರಿಸಿದರೆ ಕಳೆದುಕೊಳ್ಳುವುದೇನೂ ಇಲ್ಲ.

ಪ್ರಶ್ನೆ: ಪಿಯುಸಿ ಓದುವ ನನ್ನ ಮಗ ಗೆನ್‌ಶಿನ್ ಇಂಪ್ಯಾಕ್ಟ್ ಎಂಬ ಆಟಕ್ಕಾಗಿ ಅಲಾರಾಂ ಇಟ್ಟು ರಾತ್ರಿ ಒಂದೂವರೆಗೆ ಏಳುತ್ತಾನೆ. ‘ಆಗಲೇ ಸರ್ವರಿನಲ್ಲಿ ದಿನ ಬದಲಾಗುವುದು’ ಎನ್ನುತ್ತಾನೆ. ಇದು ನಿಜವೇ, ಅಥವಾ ನನಗೆ ಹೇಳುವ ನೆಪವೇ?
– ಗೃಹಿಣಿ, ಚಳ್ಳಕೆರೆ

ಉತ್ತರ: ತಾಯಿ, ಮಗ ಸುಳ್ಳು ಹೇಳುತ್ತಿಲ್ಲ, ಆದರೆ ಪೂರ್ತಿ ನಿಜವನ್ನೂ ಹೇಳುತ್ತಿಲ್ಲ. ಆ ಆಟದ ಏಷ್ಯಾ ಸರ್ವರ್, ಎಂದರೆ ಈ ಭಾಗದವರ ಆಟವನ್ನು ನಡೆಸುವ ಕಂಪ್ಯೂಟರ್, ಯುಟಿಸಿಗಿಂತ ಎಂಟು ಗಂಟೆ ಮುಂದಿರುವ ಗಡಿಯಾರದಲ್ಲಿ ನಡೆಯುತ್ತದೆ, ಅಲ್ಲಿ ಬೆಳಗಿನ ಜಾವ 4 ಗಂಟೆಗೆ ಆಟದಲ್ಲಿ ದಿನದಿನವೂ ಮಾಡಬೇಕಾದ ಕೆಲಸಗಳು ಹೊಸದಾಗುತ್ತವೆ. ನಮಗೆ ಅದು ಸರಿಯಾಗಿ ರಾತ್ರಿ 1:30. ಆದರೆ ಹೊಸದಾದ ಕೆಲಸಗಳು ಮುಂದಿನ ಇಪ್ಪತ್ತನಾಲ್ಕು ಗಂಟೆ ಹಾಗೆಯೇ ಇರುತ್ತವೆ. ಅವನು ಬೆಳಿಗ್ಗೆ ಕಾಲೇಜಿಗೆ ಹೋಗಿ ಬಂದು ಸಂಜೆ ಆಡಿದರೂ ಸಿಗಬೇಕಾದದ್ದು ಅಷ್ಟೇ ಸಿಗುತ್ತದೆ. ಒಂದೂವರೆಗೆ ಏಳುವುದೆಂದರೆ ನ್ಯಾಯಬೆಲೆ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಹೋಗಿ ಸಾಲಿನಲ್ಲಿ ನಿಂತಂತೆ. ಇಲ್ಲಿ ಸಾಲೂ ಇಲ್ಲ, ಅಕ್ಕಿ ಮುಗಿಯುವುದೂ ಇಲ್ಲ.

ಎಲ್ಲ ಆಟಗಳೂ ಹೀಗಿರುವುದಿಲ್ಲ ಎಂಬುದನ್ನೂ ಹೇಳಬೇಕು. ಪೋಕೆಮಾನ್ ಗೋ ಆಟದಲ್ಲಿ ಅನೇಕ ವಿಶೇಷ ದಿನಗಳನ್ನು ಆಯಾ ಊರಿನ ಗಡಿಯಾರಕ್ಕೆ ಬಿಡುತ್ತಾರೆ. ಮಧ್ಯಾಹ್ನ 2 ಎಂದರೆ ಟೋಕಿಯೋದಲ್ಲಿ ಅಲ್ಲಿಯ 2, ಚಳ್ಳಕೆರೆಯಲ್ಲಿ ಇಲ್ಲಿಯ 2. ಅಂಥ ಆಟಕ್ಕೆ ಯಾರೂ ರಾತ್ರಿ ಏಳಬೇಕಾಗಿಲ್ಲ. ಮಗ ಯಾವ ಬಗೆಯ ಕಾರ್ಯಕ್ರಮಕ್ಕಾಗಿ ಏಳುತ್ತಿದ್ದಾನೆ ಎಂದು ವಿಚಾರಿಸಿ. ಒಂದೇ ಗಳಿಗೆಗೆ ಎಲ್ಲರೂ ಸೇರಲೇಬೇಕಾದ ತಂಡದ ಪಂದ್ಯವಾದರೆ ಅವನ ಮಾತಿನಲ್ಲಿ ಹುರುಳಿದೆ; ದಿನದ ಕೆಲಸವಾದರೆ ಅಲಾರಾಂ ತೆಗೆಸಿ.

ಪ್ರಶ್ನೆ: ನಮ್ಮ ಕ್ಲಬ್ಬಿನ ಆನ್‌ಲೈನ್ ಚೆಸ್ ಟೂರ್ನಿಯಲ್ಲಿ ದಾವಣಗೆರೆಯವರಲ್ಲದೆ ಕ್ಯಾಲಿಫೋರ್ನಿಯಾ, ಜರ್ಮನಿ ಮತ್ತು ಸಿಡ್ನಿಯ ಆಟಗಾರರಿದ್ದಾರೆ. ರಾತ್ರಿ 8:30ಕ್ಕೆ ಇಟ್ಟಿದ್ದೇವೆ. ಸಿಡ್ನಿಯವರು ಸದಾ ಗೊಣಗುತ್ತಾರೆ. ಎಲ್ಲರಿಗೂ ಒಪ್ಪುವ ಹೊತ್ತು ಯಾವುದು?
– ಕ್ಲಬ್ ಕಾರ್ಯದರ್ಶಿ, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಅಂಥ ಹೊತ್ತು ಇಲ್ಲ. ನಿಮ್ಮ ಭಾನುವಾರ ರಾತ್ರಿ 8:30, ಜನವರಿ ತಿಂಗಳಿನಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬೆಳಿಗ್ಗೆ 7, ಜರ್ಮನಿಗೆ ಸಂಜೆ 4, ಸಿಡ್ನಿಗೆ ಸೋಮವಾರ ಬೆಳಗಿನ ಜಾವ 2. ಮರುದಿನ ಕೆಲಸಕ್ಕೆ ಹೋಗಬೇಕಾದವರು ಎರಡು ಗಂಟೆಗೆ ಕುದುರೆ ನಡೆಸುತ್ತಿದ್ದಾರೆಂದರೆ ಅವರ ಗೊಣಗಾಟ ಕಡಿಮೆಯೇ ಆಯಿತು. ಮೇಲಾಗಿ ಸಿಡ್ನಿ ಭೂಮಿಯ ದಕ್ಷಿಣಾರ್ಧದಲ್ಲಿದೆ. ಅವರು ಗಡಿಯಾರ ಮುಂದಿಡುವುದು ಅಕ್ಟೋಬರ್ ಮೊದಲ ಭಾನುವಾರ, ಹಿಂದಿಡುವುದು ಏಪ್ರಿಲ್ ಮೊದಲ ಭಾನುವಾರ. ಎಂದರೆ ಕ್ಯಾಲಿಫೋರ್ನಿಯಾದವರು ಒಂದು ಕಡೆ ಸರಿದರೆ ಇವರು ಇನ್ನೊಂದು ಕಡೆ ಸರಿಯುತ್ತಾರೆ. ಜನವರಿಯಲ್ಲಿ ಹತ್ತೊಂಬತ್ತು ಗಂಟೆಯಿರುವ ಅವರಿಬ್ಬರ ಅಂತರ ಜುಲೈನಲ್ಲಿ ಹದಿನೇಳಾಗುತ್ತದೆ.

ಇಲ್ಲಿ ನಮ್ಮಂಥ ಆಯೋಜಕರ ಒಂದು ದೌರ್ಬಲ್ಯವನ್ನು ಒಪ್ಪಿಕೊಳ್ಳಬೇಕು. ಭಾರತ ಈ ನಕಾಶೆಯ ನಡುವೆ ಇರುವುದರಿಂದ ಪೂರ್ವದವರ ಜೊತೆಗೂ ಪಶ್ಚಿಮದವರ ಜೊತೆಗೂ ನಮಗೆ ಎಚ್ಚರವಿರುವ ಹೊತ್ತಿನಲ್ಲಿಯೇ ಆಡಲು ಆಗುತ್ತದೆ. ಈ ಅನುಕೂಲವನ್ನೇ ನಾವು ಸಹಜವೆಂದು ಭಾವಿಸಿ, ನಿದ್ದೆಗೆಡುವ ಪಾಳಿಯನ್ನು ಯಾವಾಗಲೂ ಬೇರೆಯವರಿಗೇ ಕೊಡುತ್ತೇವೆ.

ಎಲ್ಲರನ್ನೂ ಒಂದೇ ಹೊತ್ತಿಗೆ ಕೂರಿಸುವ ಹಟವನ್ನು ಬಿಟ್ಟು, ಜೋಡಿಗಳನ್ನು ನೋಡಿ ಹೊತ್ತು ಹಂಚಿ. ಭಾನುವಾರ ಮಧ್ಯಾಹ್ನ 1:30ಕ್ಕೆ ಜರ್ಮನಿಯಲ್ಲಿ ಬೆಳಿಗ್ಗೆ 9, ಸಿಡ್ನಿಯಲ್ಲಿ ಸಂಜೆ 7. ಈ ಇಬ್ಬರ ನಡುವಿನ ಮತ್ತು ಇವರೊಡನೆ ನಮ್ಮ ಪಂದ್ಯಗಳು ಆಗ ನಡೆಯಲಿ. ರಾತ್ರಿ 8:30 ಕ್ಯಾಲಿಫೋರ್ನಿಯಾದ ಜೊತೆ ನಮಗೂ ಜರ್ಮನಿಗೂ ಇರಲಿ. ಕ್ಯಾಲಿಫೋರ್ನಿಯಾ ಮತ್ತು ಸಿಡ್ನಿಯ ಆಟಗಾರರು ಪರಸ್ಪರ ಆಡಬೇಕಾದರೆ ನಮ್ಮ ಭಾನುವಾರ ಬೆಳಿಗ್ಗೆ 7:30 ಬಹಳ ಒಳ್ಳೆಯದು, ಆಗ ಕ್ಯಾಲಿಫೋರ್ನಿಯಾದಲ್ಲಿ ಶನಿವಾರ ಸಂಜೆ 6, ಸಿಡ್ನಿಯಲ್ಲಿ ಭಾನುವಾರ ಮಧ್ಯಾಹ್ನ 1. ಇವೆಲ್ಲ ಜನವರಿಯ ಲೆಕ್ಕಗಳು. ಏಪ್ರಿಲಿನ ಪಂದ್ಯಕ್ಕೆ ಏಪ್ರಿಲಿನ ಅಂತರವನ್ನೇ ನೋಡಬೇಕು. ಕಾರ್ಯದರ್ಶಿಯಾದ ನೀವು ಬೆಣ್ಣೆದೋಸೆಗೆ ಮೊದಲು ಒಂದು ಸಲ, ಊಟವಾದ ಮೇಲೆ ಒಂದು ಸಲ, ಮಂಡಕ್ಕಿ ಮಿರ್ಚಿ ತಿಂದು ಬಂದು ಇನ್ನೊಂದು ಸಲ ಕಂಪ್ಯೂಟರಿನ ಮುಂದೆ ಕೂರಬೇಕಾಗುತ್ತದೆ. ಅಂತಿಮ ಸುತ್ತು ಮಾತ್ರ ಎಲ್ಲರೂ ಒಟ್ಟಿಗೆ ಆಡಲೇಬೇಕೆಂದಿದ್ದರೆ, ನಿದ್ದೆಗೆಡುವ ಸರದಿ ವರ್ಷದಿಂದ ವರ್ಷಕ್ಕೆ ತಿರುಗಲಿ, ಮತ್ತು ಮೊದಲ ವರ್ಷ ಅದು ದಾವಣಗೆರೆಯದಾಗಲಿ.

ಪ್ರಶ್ನೆ: ಫೋನಿನಲ್ಲಿ ಸಮಯ ವಲಯ ಆರಿಸುವಾಗ ಬೆಂಗಳೂರು, ದೆಹಲಿ ಸಿಗದೆ ಕೋಲ್ಕತ್ತಾ ಎಂದೇ ಏಕೆ ಬರುತ್ತದೆ? ಅದನ್ನು ಆರಿಸಿದರೆ ನಮ್ಮ ಊರಿನ ಸಮಯ ಸರಿ ಬರುತ್ತದೆಯೇ?
– ಓದುಗರು, ಹೊಸದುರ್ಗ

ಉತ್ತರ: ಸರಿ ಬರುತ್ತದೆ, ನಿಶ್ಚಿಂತೆಯಿಂದ ಆರಿಸಿ. ಪ್ರಪಂಚದ ಕಂಪ್ಯೂಟರುಗಳು ಮತ್ತು ಫೋನುಗಳು ಬಹುಮಟ್ಟಿಗೆ ಒಂದೇ ಸಮಯ ವಲಯ ಕೋಶವನ್ನು ಬಳಸುತ್ತವೆ. ಅದರಲ್ಲಿ ವಲಯಗಳಿಗೆ ದೇಶದ ಹೆಸರಿನ ಬದಲು ದೊಡ್ಡ ನಗರವೊಂದರ ಹೆಸರಿಡುವ ರೂಢಿಯಿದೆ, ಭಾರತಕ್ಕೆ ಸಿಕ್ಕದ್ದು ಕೋಲ್ಕತ್ತಾ. ಕೆಲವು ಹಳೆಯ ಸಾಧನಗಳಲ್ಲಿ ಕಲ್ಕತ್ತಾ ಎಂಬ ಹಿಂದಿನ ರೂಪ ಕಂಡರೂ ಎರಡೂ ಒಂದೇ.

ವಿನೋದವೆಂದರೆ ಆ ನಗರವೇ 1948ರವರೆಗೆ ಭಾರತೀಯ ಪ್ರಮಾಣ ಸಮಯವನ್ನು ಒಪ್ಪದೆ ತನ್ನದೇ ಗಡಿಯಾರವನ್ನು ಇಟ್ಟುಕೊಂಡಿತ್ತು, ಮುಂಬಯಿ 1955ರವರೆಗೆ. 1906ರಲ್ಲಿ ಬಂದ ಪ್ರಮಾಣ ಸಮಯಕ್ಕೆ ಆಧಾರ ಕೋಲ್ಕತ್ತಾವೂ ಅಲ್ಲ. ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಚಿತ್ರದುರ್ಗ ಆ ರೇಖೆಗಿಂತ ಸುಮಾರು ಆರು ಡಿಗ್ರಿ ಪಶ್ಚಿಮಕ್ಕಿರುವುದರಿಂದ ಕೋಟೆಯ ಮೇಲಿನ ಸೂರ್ಯ ಫೋನಿನ ಗಡಿಯಾರಕ್ಕಿಂತ ಸರಾಸರಿ 24 ನಿಮಿಷ, ಎಂದರೆ ಹಳೆಯ ಲೆಕ್ಕದ ಸರಿಯಾಗಿ ಒಂದು ಗಳಿಗೆ, ಹಿಂದಿರುತ್ತಾನೆ. ದಾವಣಗೆರೆಯಲ್ಲಿ ಇನ್ನೆರಡು ನಿಮಿಷ ಹೆಚ್ಚು. ಪಂದ್ಯಕ್ಕೆ ಮಾತ್ರ ಫೋನಿನ ಗಡಿಯಾರವನ್ನೇ ನೋಡಿ.